ಬಳ್ಳಾರಿಯಲ್ಲಿ ಕಾಮಿಕ್ಸ್ ಅಂಗಡಿ ಇಡುವುದು ಹೇಗೆ?

ಕಾಮಿಕ್ಸ್ ಓದುವ ಹುಡುಗ ಪುಸ್ತಕ ಕೇಳುವುದಿಲ್ಲ, ಸಂಚಿಕೆಯ ನಂಬರು ಕೇಳುತ್ತಾನೆ. ‘ಇಪ್ಪತ್ತಮೂರು ಬಂತೇ ಅಣ್ಣಾ?’ ಎಂದು ಸೈಕಲ್ಲಿನ ಮೇಲಿಂದಲೇ ಕೇಳಿ, ಇಲ್ಲವೆಂದರೆ ಇಳಿಯದೆ ಹೊರಟುಬಿಡುತ್ತಾನೆ. ಇಷ್ಟು ಸಣ್ಣ ಸಂಗತಿ ತಲೆಗೆ ಹೋಗದೆ, ನನ್ನ ಗೆಳೆಯನೊಬ್ಬ ಬೆಂಗಳೂರು ರಸ್ತೆಯ ಹಿಂದಿನ ಗಲ್ಲಿಯಲ್ಲಿ ಇಟ್ಟಿದ್ದ ಅಂಗಡಿ ಮೊದಲ ವರ್ಷ ಬಾಡಿಗೆಯನ್ನೂ ಹುಟ್ಟಿಸಲಿಲ್ಲ. ಸಂಜೆ ಹೊತ್ತು ಗಲ್ಲಾದ ಪಕ್ಕ ಕೂತು ಸಲಹೆ ಕೊಡುತ್ತಿದ್ದವನು ನಾನೇ, ಹಾಗಾಗಿ ಆ ನಷ್ಟದಲ್ಲಿ ನನ್ನ ಪಾಲೂ ಇದೆ. ಎರಡನೆಯ ವರ್ಷದಿಂದ ಕಲಿತದ್ದು ಇಲ್ಲಿದೆ. ಹೊಸದಾಗಿ ಅಂಗಡಿ ಇಡುವವರಿಗೂ, ಇರುವ ಸ್ಟೇಷನರಿ ಅಂಗಡಿಯಲ್ಲಿ ಒಂದು ಕಪಾಟು ಖಾಲಿ ಮಾಡುವವರಿಗೂ ಇದು ಸಾಕು.

ಬಾಗಿಲು ಯಾವ ದಿಕ್ಕಿಗೆ?

ಮಳಿಗೆ ನೋಡಲು ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಬೆಳಿಗ್ಗೆ ಎಲ್ಲ ಮಳಿಗೆಯೂ ಚೆನ್ನಾಗಿಯೇ ಕಾಣುತ್ತದೆ. ಪಶ್ಚಿಮಕ್ಕೆ ಬಾಗಿಲಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬೇಡ ಎನ್ನಿ. ನಮ್ಮ ಬಿಸಿಲಿಗೆ ಮುಖಪುಟದ ಕೆಂಪು ಮತ್ತು ಹಳದಿ ಬಣ್ಣಗಳು ಮೊದಲು ಹಾರಿಹೋಗುತ್ತವೆ, ನೀಲಿ ಉಳಿಯುತ್ತದೆ. ಗಾಜಿನ ಹಿಂದೆ ನಿಲ್ಲಿಸಿದ ಹನುಮಂತ ಎರಡೇ ಬೇಸಿಗೆಯಲ್ಲಿ ಕೃಷ್ಣನ ಬಣ್ಣಕ್ಕೆ ತಿರುಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪ್ರದರ್ಶನಕ್ಕೆ ಹರಿದ ಪ್ರತಿಯನ್ನೋ ಹೆಚ್ಚುವರಿ ಪ್ರತಿಯನ್ನೋ ಇಡಿ, ಮಾರುವುದು ಒಳಗಿರಲಿ.

ಇನ್ನು ಕೆಂಧೂಳು. ಅದನ್ನು ತಡೆಯಲು ಆಗದು, ಪುಸ್ತಕಕ್ಕೆ ಹೊದಿಕೆ ಹಾಕಬಹುದಷ್ಟೆ. ನೋಟ್‌ಬುಕ್ಕಿಗೆ ಹಾಕುವ ದಪ್ಪ ಪಿವಿಸಿ ಹಾಳೆಯನ್ನು ಬಳಸಬೇಡಿ. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಶಾಖಕ್ಕೆ ಹೊರಬಂದು ಮುಖಪುಟದ ಮಸಿಗೆ ಅಂಟಿಕೊಳ್ಳುತ್ತದೆ. ಜೀನ್ಸ್ ಹೊಲಿಯುವ ಊರಿನಲ್ಲಿ ಬಟ್ಟೆ ಪ್ಯಾಕ್ ಮಾಡುವ ಕವರಿಗೆ ಬರವಿಲ್ಲ. ಮುಟ್ಟಿದರೆ ಗರಗರ ಎನ್ನುವ ತೆಳುವಾದ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಕವರ್ ಕೇಳಿ ತನ್ನಿ. ಅದರ ಬಾಯಿಯಲ್ಲಿ ಅಂಟಿನ ಪಟ್ಟಿ ಇರುತ್ತದೆ. ಪುಸ್ತಕ ಹೊರತೆಗೆಯುವಾಗ ಆ ಪಟ್ಟಿ ಮುಖಪುಟಕ್ಕೆ ತಾಗಿದರೆ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಆದ್ದರಿಂದ ಪುಸ್ತಕದ ಬೆನ್ನುಪುಟ ಅಂಟಿನ ಕಡೆಗಿರಲಿ. ನಾಲ್ಕು ಒಳ್ಳೆಯ ಪುಸ್ತಕ ಕೆಡಿಸಿದ ಮೇಲೆ ನಮಗೆ ಹೊಳೆದ ಉಪಾಯ ಇದು.

ಏನು ತರಿಸಬೇಕು?

ಮೊದಲ ಸಲಕ್ಕೆ ನೂರು ಪುಸ್ತಕ ಸಾಕು. ಲೆಕ್ಕ ನೋಡಿ: ನೂರು ರೂಪಾಯಿ ಬೆಲೆಯ ನೂರು ಪ್ರತಿಗಳನ್ನು ಪ್ರತಿಯೊಂದಕ್ಕೆ ಮೂವತ್ತು ರೂಪಾಯಿ ಕಡಿತದಲ್ಲಿ ತಂದಿರಿ ಎಂದುಕೊಳ್ಳೋಣ. ಹಾಕಿದ ಹಣ ಏಳು ಸಾವಿರ. ಎಪ್ಪತ್ತು ಪ್ರತಿ ಮಾರಿದಾಗ ಹಾಕಿದ್ದು ಕೈಗೆ ಬರುತ್ತದೆ. ಲಾಭವೆಲ್ಲ ಕೊನೆಯ ಮೂವತ್ತರಲ್ಲಿದೆ, ಮಾರಾಟವಾಗದೆ ಕೂರುವುದೂ ಆ ಮೂವತ್ತೇ. ಐನೂರು ತರಿಸಿ ಕಪಾಟು ತುಂಬಿಸಿದರೆ ಅಂಗಡಿ ಚೆಂದ ಕಾಣುತ್ತದೆ, ದುಡ್ಡು ಮಾತ್ರ ಕಪಾಟಿನಲ್ಲೇ ಮಲಗುತ್ತದೆ.

ನಮ್ಮ ಊರಿನ ಇನ್ನೊಂದು ವಿಶೇಷ ಭಾಷೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತು. ಅದೇ ಮದರಾಸಿನಿಂದ ‘ಚಂದಮಾಮ’ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲೂ 1949ರಲ್ಲಿ ಕನ್ನಡದಲ್ಲೂ ಬಂತು. ಕಥೆ ಒಂದೇ, ಚಿತ್ರ ಒಂದೇ, ಅಕ್ಷರ ಮಾತ್ರ ಬೇರೆ. ಇಂದಿಗೂ ಇಲ್ಲಿ ಒಂದೇ ಮನೆಯಲ್ಲಿ ಅಜ್ಜಿ ತೆಲುಗು ಓದುತ್ತಾರೆ, ಅಪ್ಪ ಕನ್ನಡ, ಮೊಮ್ಮಗಳು ಇಂಗ್ಲಿಷ್. ಹಾಗಾಗಿ ಭಾಷೆಗೊಂದು ಕಪಾಟು ಮಾಡುವ ಬದಲು ಕಥೆಗೊಂದು ಜಾಗ ಮಾಡಿ. ಭೀಷ್ಮನ ಕಥೆ ಮೂರು ಭಾಷೆಯಲ್ಲಿ ಸಿಕ್ಕರೆ ಮೂರನ್ನೂ ಅಕ್ಕಪಕ್ಕ ಇಡಿ. ಮೊಮ್ಮಗಳಿಗೊಂದು ಕೊಳ್ಳಲು ಬಂದವರು ತಮಗೊಂದು ಕೊಂಡು ಹೋಗುತ್ತಾರೆ.

ಜಪಾನಿನ ಕಾಮಿಕ್ಸ್ ಆದ ಮಾಂಗಾವನ್ನು ಕಾಲೇಜು ಹುಡುಗರು ಕೇಳಿಯೇ ಕೇಳುತ್ತಾರೆ. ತರಿಸಿ, ಆದರೆ ಅದನ್ನು ಬಲದಿಂದ ಎಡಕ್ಕೆ ಓದಬೇಕೆಂದು ಒಂದು ಚೀಟಿ ಅಂಟಿಸಿ. ‘ನಿಮ್ಮ ಪುಸ್ತಕವನ್ನು ಹಿಂದುಮುಂದಾಗಿ ಹೊಲಿದಿದ್ದಾರೆ, ಬೇರೆ ಕೊಡಿ’ ಎಂದು ತಂದೆಯೊಬ್ಬರು ಮರುದಿನ ಸಿಟ್ಟಿನಿಂದ ಬಂದಿದ್ದರು. ಎಷ್ಟು ಹೇಳಿದರೂ ಒಪ್ಪದೆ ಕೊನೆಗೆ ಬಣ್ಣ ತುಂಬುವ ಪುಸ್ತಕ ಒಯ್ದರು. ಬೆನ್ನುಪುಟದಲ್ಲಿ ವಯಸ್ಸಿನ ಸೂಚನೆ ಅಚ್ಚಾಗಿದ್ದರೆ ಅದನ್ನು ಓದಿ, ದೊಡ್ಡವರದ್ದನ್ನು ಮೇಲಿನ ಅರೆಗೆ ಏರಿಸಿ.

ವಹಿ ತೆರೆಯಿರಿ

ಮಿಕ್ಕಿದ್ದರಲ್ಲಿ ತಪ್ಪಿದರೂ ಅಂಗಡಿ ನಡೆಯುತ್ತದೆ, ಇದರಲ್ಲಿ ತಪ್ಪಿದರೆ ಇಲ್ಲ.

ಅಮೆರಿಕದಲ್ಲಿ ಮೊದಲು ಕಾಮಿಕ್ಸ್ ಪತ್ರಿಕೆ ಮಾರುವ ಗೂಡಂಗಡಿಗಳಲ್ಲೇ ಹೆಚ್ಚಾಗಿ ಸಿಗುತ್ತಿತ್ತು, ಉಳಿದದ್ದನ್ನು ಹಿಂದಿರುಗಿಸಬಹುದಿತ್ತು. 1973ರ ಸುಮಾರಿಗೆ ನ್ಯೂಯಾರ್ಕಿನ ಫಿಲ್ ಸೂಲಿಂಗ್ ಎಂಬ ಶಿಕ್ಷಕ ಪ್ರಕಾಶಕರ ಜೊತೆ ಬೇರೆ ಕರಾರು ಮಾಡಿಕೊಂಡ: ಹೆಚ್ಚು ಕಡಿತ ಕೊಡಿ, ಉಳಿದದ್ದನ್ನು ನಾನು ಹಿಂದಿರುಗಿಸುವುದಿಲ್ಲ. ಕಾಮಿಕ್ಸನ್ನೇ ನಂಬಿದ ಅಂಗಡಿಗಳು ಬೆಳೆದದ್ದು ಆ ಕರಾರಿನ ಮೇಲೆ. ಹಿಂದಿರುಗಿಸಲು ಆಗದು ಎಂದ ಮೇಲೆ, ಯಾರಿಗೆ ಯಾವುದು ಬೇಕೆಂಬುದು ತರಿಸುವ ಮೊದಲೇ ಗೊತ್ತಿರಬೇಕಲ್ಲ? ಅಲ್ಲಿನ ಅಂಗಡಿಗಳು ಗಿರಾಕಿಗೊಂದು ಪಟ್ಟಿ ಇಟ್ಟು, ಬುಧವಾರ ಹೊಸ ಸಂಚಿಕೆ ಬರುತ್ತಲೇ ಅವರವರದ್ದನ್ನು ತೆಗೆದಿರಿಸುವ ರೂಢಿ ಹೀಗೆ ನೆಲೆಯೂರಿತು.

ನಮಗೆ ದಪ್ಪನೆಯ ಒಂದು ವಹಿ ಸಾಕು. ಓದುಗನಿಗೊಂದು ಪುಟ. ಮೇಲೆ ಹೆಸರು, ಫೋನ್ ನಂಬರು. ಕೆಳಗೆ ಎರಡು ಸಾಲು. ಎಡಗಡೆ ಅವನು ತಿಂಗಳು ತಿಂಗಳು ಓದುವುದು, ಬಲಗಡೆ ಅವನ ಬಳಿ ಇಲ್ಲದ ಹಳೆಯ ಸಂಚಿಕೆಗಳು. ಸಿಕ್ಕಿದ್ದನ್ನು ಕೆಂಪು ಗೆರೆಯಿಂದ ಹೊಡೆಯಿರಿ. ಮೊಬೈಲಿನಲ್ಲಿ ಬರೆದುಕೊಂಡರಾಗದೇ ಎಂದು ಕೇಳಬಹುದು. ಆಗುತ್ತದೆ, ಆದರೆ ಮೇಜಿನ ಮೇಲೆ ತೆರೆದಿಟ್ಟ ವಹಿಯಲ್ಲಿ ಹುಡುಗ ತನ್ನ ಪುಟವನ್ನು ತಾನೇ ಹುಡುಕಿಕೊಂಡು, ಪಕ್ಕದ ಪುಟದವನ ಬಳಿ ಯಾವುದು ಇಲ್ಲ ಎಂದೂ ನೋಡುತ್ತಾನೆ. ‘ನನ್ನ ಹತ್ತಿರ ಅದು ಎರಡಿದೆ’ ಎಂಬ ಮಾತು ಹುಟ್ಟುವುದು ಅಲ್ಲೇ. ಅದಲುಬದಲಿಗೆ ನೀವು ಕಾಸು ಕೇಳಬೇಡಿ. ತೆಗೆದಿಟ್ಟ ಪುಸ್ತಕವನ್ನು ಹದಿನೈದು ದಿನ ಕಾಯಿರಿ, ಒಮ್ಮೆ ಫೋನ್ ಮಾಡಿ, ಆಮೇಲೆ ಮಾರಿಬಿಡಿ.

ವಹಿ ಬರೆಯುವವನಿಗೆ ನಂಬರುಗಳ ಕಥೆಯೂ ಗೊತ್ತಿರಬೇಕು. ‘ಅಮರ ಚಿತ್ರ ಕಥೆ’ಯ ಇಂಗ್ಲಿಷ್ ಮಾಲೆಯಲ್ಲಿ ಒಂದರಿಂದ ಹತ್ತರವರೆಗೆ ಹುಡುಕಿಕೊಡಿ ಎಂದು ಸಂಗ್ರಾಹಕರೊಬ್ಬರು ನಮಗೆ ದುಂಬಾಲು ಬಿದ್ದಿದ್ದರು. ಆರು ತಿಂಗಳು ಹುಡುಕಿದೆವು. ಇಲ್ಲದ್ದನ್ನು ಹುಡುಕುತ್ತಿದ್ದೇವೆಂದು ಆಮೇಲೆ ತಿಳಿಯಿತು: ಮಾಲೆಯ ಮೊದಲ ಹತ್ತು ಬಂದದ್ದು ಕನ್ನಡದಲ್ಲಿ, 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ಅವೂ ಪುರಾಣವಲ್ಲ, ಪಾಶ್ಚಾತ್ಯ ಕಿನ್ನರ ಕಥೆಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದ ಇಂಗ್ಲಿಷ್ ಮಾಲೆ ‘ಕೃಷ್ಣ’ನಿಂದ ಶುರುವಾದಾಗ ಅದರ ಸಂಖ್ಯೆ 11. ಅದೇ ಕೃಷ್ಣ ಮುಂದಿನ ಮರುಮುದ್ರಣಗಳಲ್ಲಿ 501. ಇದು ತಿಳಿಯದೆ ಪುಟ ತುಂಬಿಸಿದರೆ ಒಂದೇ ಪುಸ್ತಕವನ್ನು ಒಬ್ಬರಿಗೇ ಎರಡು ಸಲ ಮಾರುತ್ತೀರಿ. ಒಮ್ಮೆ ಮಾರಿದ್ದೇವೆ.

ಹಳೆಯದನ್ನು ಕೊಳ್ಳುವಾಗ

ವಹಿಯ ಬಲಗಡೆಯ ಸಾಲು ತುಂಬಬೇಕಾದರೆ ರದ್ದಿ ಅಂಗಡಿಗಳಿಗೆ ಅಲೆಯಬೇಕು. ಬೆಂಗಳೂರಿಗೆ ಹೋದರೆ ಅವೆನ್ಯೂ ರಸ್ತೆ, ಹೈದರಾಬಾದಿಗೆ ಹೋದರೆ ಭಾನುವಾರದ ಅಬಿಡ್ಸ್ ಪುಸ್ತಕ ಸಂತೆ ಬಿಡಬೇಡಿ. ಆದರೆ ಕಿಲೋ ಲೆಕ್ಕದಲ್ಲಿ ಕಟ್ಟು ಎತ್ತಿಕೊಂಡು ಬರಬೇಡಿ. ಊರಿನ ರದ್ದಿ ಅಂಗಡಿಯೊಂದರಿಂದ ಹಾಗೆ ಹೊತ್ತು ತಂದ ಕಟ್ಟಿನಲ್ಲಿ ಹನ್ನೊಂದು ಪುಸ್ತಕಗಳಿಗೆ ಕೊನೆಯ ಹಾಳೆ ಇರಲಿಲ್ಲ. ಕೊಲೆಗಾರ ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಪ್ರತಿಯೊಂದನ್ನೂ ನಡುಪುಟಕ್ಕೆ ತೆರೆಯಿರಿ. ಎರಡು ಪಿನ್ ಕಾಣುತ್ತವೆ. ತುಕ್ಕು ಹಿಡಿದು ಸುತ್ತ ಕಂದು ಕಲೆ ಹರಡಿದ್ದರೆ ಆ ಪುಸ್ತಕ ನೀರು ಕಂಡಿದೆ. ನಡುವಿನ ಹಾಳೆ ಪಿನ್ನಿನಿಂದ ಬಿಟ್ಟಿದ್ದರೆ ಪುಟ ಎಣಿಸಿ. ಪೋಸ್ಟರ್ ಬರುತ್ತಿದ್ದ ಸಂಚಿಕೆಯಾದರೆ ಅದು ಯಾವುದೋ ಗೋಡೆ ಸೇರಿರುತ್ತದೆ. ಬಹುಮಾನದ ಕೂಪನ್ ಕತ್ತರಿಸಿದ್ದರೆ ಅದರ ಬೆನ್ನಿಗಿದ್ದ ಚಿತ್ರವೂ ಹೋಗಿದೆ. ಪದಬಂಧವನ್ನು ಪೆನ್ಸಿಲಿನಲ್ಲಿ ತುಂಬಿದ್ದರೆ ಅಳಿಸಬೇಡಿ, ಹಾಗೇ ಮಾರಿ. ಇದು ನನ್ನ ಹಟ, ಗೆಳೆಯ ಒಪ್ಪುತ್ತಿರಲಿಲ್ಲ. ಅಗ್ಗದ ಕಾಗದ ಶಾಖಕ್ಕೆ, ಬೆಳಕಿಗೆ ತಾನಾಗಿಯೇ ಹಳದಿಯಾಗುತ್ತದೆ. ಅದು ದೋಷವಲ್ಲ, ಆದರೆ ಮೂಲೆ ಮಡಿಸಿದಾಗ ಮುರಿದು ಕೈಗೆ ಬಂದರೆ ಕೊಳ್ಳಬೇಡಿ.

ಕಾಗದ ಪತ್ರ ಹೆಚ್ಚಿಲ್ಲ. ಮಹಾನಗರ ಪಾಲಿಕೆಯ ಉದ್ಯಮ ಪರವಾನಗಿ ಪಡೆಯಿರಿ, 1961ರ ಅಂಗಡಿ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಿ. ಮುದ್ರಿತ ಪುಸ್ತಕಗಳಿಗೆ, ಮಕ್ಕಳ ಚಿತ್ರ ಪುಸ್ತಕಗಳಿಗೆ ಜಿಎಸ್‌ಟಿ ಶೂನ್ಯ. ಗೊಂಬೆ, ಕೀಚೈನು, ಟೀ ಶರ್ಟುಗಳಿಗೆ ತೆರಿಗೆ ಉಂಟು, ಅವನ್ನು ತರುವ ಮೊದಲು ಲೆಕ್ಕಿಗರನ್ನು ಕೇಳಿ.

ಬೆಂಚು

ಬಾಗಿಲ ಒಳಗೆ ಫ್ಯಾನಿನ ಕೆಳಗೆ ಒಂದು ಬೆಂಚು ಹಾಕಿ. ‘ಓದಿ ಇಟ್ಟು ಹೋಗುತ್ತಾರೆ, ಕೊಳ್ಳುವುದಿಲ್ಲ’ ಎಂದು ಎಲ್ಲರೂ ಹೆದರಿಸುತ್ತಾರೆ. ಓದಿ ಇಟ್ಟು ಹೋಗುವವರು ಇರುತ್ತಾರೆ, ಅವರಿಗಾಗಿಯೇ ಕವರಿಲ್ಲದ ಇಪ್ಪತ್ತು ಪ್ರತಿಗಳನ್ನು ಬೆಂಚಿನ ತುದಿಯಲ್ಲಿ ಬಿಡಿ. ಎಲ್ಲವೂ ಮಾಲೆಗಳ ಮೊದಲ ಸಂಚಿಕೆಗಳಾಗಿರಲಿ. ಎರಡನೆಯದು ಕಪಾಟಿನಲ್ಲಿರಲಿ, ಕವರಿನೊಳಗೆ.

2002ರಿಂದ ಹೊರದೇಶದ ಅಂಗಡಿಗಳು ವರ್ಷಕ್ಕೊಂದು ದಿನ ಕಾಮಿಕ್ಸನ್ನು ಉಚಿತವಾಗಿ ಹಂಚುತ್ತವೆ, ಹೆಚ್ಚಾಗಿ ಮೇ ತಿಂಗಳ ಮೊದಲ ಶನಿವಾರ. ನಮಗೆ ಅದು ಬೇಸಿಗೆ ರಜೆ, ಹೇಳಿ ಮಾಡಿಸಿದ ಹೊತ್ತು. ಆದರೆ ಮೇ ತಿಂಗಳಲ್ಲಿ ಹಗಲು ಕರೆದರೆ ಯಾರೂ ಬರುವುದಿಲ್ಲ. ಆರು ಗಂಟೆಯ ಮೇಲೆ ಅಂಗಡಿಯ ಮುಂದೆ ನೀರು ಚಿಮುಕಿಸಿ, ಬೆಂಚನ್ನು ಹೊರಗೆ ತೆಗೆದು, ಮಾರಾಟವಾಗದ ಆ ಮೂವತ್ತನ್ನು ಹಂಚಿಬಿಡಿ. ಕೊಡುವಾಗ ವಹಿಯಲ್ಲಿ ಹೆಸರು ಬರೆಸಿಕೊಳ್ಳುವುದನ್ನು ಮರೆಯಬೇಡಿ. ಮೊದಲ ವರ್ಷ ನಾವು ಮರೆತಿದ್ದೆವು.