ಗ್ಯಾರೇಜ್ ಚಳಿಗೆ ಕಡಿಮೆ ಖರ್ಚಿನ ದಾರಿಗಳು

ಅಮೆರಿಕದ ಮಿಶಿಗನ್‌ನಲ್ಲಿ ಹಳೇ ಮನೆ ಕೊಂಡು ಚಳಿಗಾಲದಲ್ಲೇ ರಿಪೇರಿಗೆ ಕೈ ಹಾಕಿದವರಿಗೂ, ನನ್ನ ಹಾಗೆ ಗ್ಯಾರೇಜಿನಲ್ಲಿ ಮರಗೆಲಸ ಮಾಡುವವರಿಗೂ ಮೊದಲು ಹೊಳೆಯುವುದು ದೊಡ್ಡದೊಂದು ಹೀಟರ್. ಸ್ವಲ್ಪ ತಡೆಯಿರಿ. ಬೆಚ್ಚಗಾಗಬೇಕಾದ್ದು ಏನು ಅಂತ ಮೊದಲು ನೋಡಿ. ನೀವಾ, ಅಂಟಾ, ಗೋಡೆಯಾ, ನೀರಿನ ಪೈಪಾ? ಇಡೀ ಗ್ಯಾರೇಜಿನ ಗಾಳಿ ಕಾಯಿಸುವುದು ಎಲ್ಲಕ್ಕಿಂತ ದುಬಾರಿ.

ಹೀಟರಿಗಿಂತ ಮುಂಚೆ ಜಾಗ ಚಿಕ್ಕದು ಮಾಡಿ. ಗ್ಯಾರೇಜ್ ಬಾಗಿಲ ಕೆಳಗಿನ ರಬ್ಬರ್ ಪಟ್ಟಿ ಹರಿದಿದ್ದರೆ ಬದಲಿಸಿ. ಮನೆ ಒಳಗಾದರೆ 6 ಮಿಲ್ (ಸುಮಾರು 0.15 ಮಿ.ಮೀ.) ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಸೂರಿನಿಂದ ನೆಲದವರೆಗೆ ಇಳಿಬಿಟ್ಟು, ಅಂಟಿಸುವ ಜಿಪ್ ಹಾಕಿ, ಕೆಲಸ ನಡೆಯುವ ಕೋಣೆಯೊಂದನ್ನೇ ಬೇರೆ ಮಾಡಿ. ಡ್ರೈವಾಲ್ (ಇಲ್ಲಿನ ಮನೆಗಳ ಜಿಪ್ಸಮ್ ಹಲಗೆಯ ಗೋಡೆ) ಉಜ್ಜುವಾಗ, ಇಡೀ ಮನೆಗೆ ಬಿಸಿಗಾಳಿ ಕಳಿಸುವ ಫರ್ನೇಸ್ ಓಡಿಸಬೇಡಿ. ಧೂಳೆಲ್ಲ ಫಿಲ್ಟರಿಗೆ, ಡಕ್ಟಿಗೆ ಹೋಗಿ ಕೂರುತ್ತದೆ.

ಕರೆಂಟ್ ಹೀಟರ್ ಬಗ್ಗೆ ಜಾಹೀರಾತು ಏನೇ ಹೇಳಲಿ, 1500 ವ್ಯಾಟ್ ಅಂದ್ರೆ 1500 ವ್ಯಾಟ್. ಎಣ್ಣೆ ತುಂಬಿದ್ದಾಗಲಿ, ಸೆರಾಮಿಕ್ ಆಗಲಿ, ಕೊಡುವ ಶಾಖ ಒಂದೇ, ಗಂಟೆಗೆ ಸುಮಾರು 5100 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ). ಪೂರ್ತಿ ಓಡಿದರೆ ಗಂಟೆಗೆ ಒಂದೂವರೆ ಯೂನಿಟ್, 8 ಗಂಟೆಗೆ 12. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ವ್ಯತ್ಯಾಸ ಇರುವುದು ಶಾಖ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ಗಾಳಿ ಸೋರುವ ಗ್ಯಾರೇಜಿನಲ್ಲಿ ನನ್ನ ಓಟು ಇನ್‌ಫ್ರಾರೆಡ್‌ಗೆ. ಮೈಗೆ ನೇರವಾಗಿ ತಾಗುತ್ತದೆ, ಗಾಳಿ ಕಾಯಲಿ ಅಂತ ಕಾಯಬೇಕಿಲ್ಲ. ಕಾಲ ಕೆಳಗೆ ದಪ್ಪ ಫೋಮ್ ಮ್ಯಾಟ್ ಹಾಕಿ. ಕಾಂಕ್ರೀಟ್ ನೆಲ ಪಾದದಿಂದ ಶಾಖ ಹೀರುವುದು ನಿಂತರೆ ಅರ್ಧ ಚಳಿ ಹೋದಂತೆ.

ಇಲ್ಲಿನ 120 ವೋಲ್ಟ್ ಪ್ಲಗ್ಗಿನಲ್ಲಿ 1500 ವ್ಯಾಟಿನ ಹೀಟರ್ 12.5 ಆಂಪ್ ಎಳೆಯುತ್ತದೆ. ಅದೇ 15 ಆಂಪ್ ಲೈನಿನಲ್ಲಿ ಗರಗಸ ಶುರು ಮಾಡಿದರೆ ಬ್ರೇಕರ್ ಬೀಳುವುದು ಖಂಡಿತ. ಪವರ್ ಸ್ಟ್ರಿಪ್ ಬೇಡವೇ ಬೇಡ, ನೇರ ಗೋಡೆಗೆ ಹಾಕಿ. ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದರೆ ಅಲ್ಲಿಗೇ ಆಫ್ ಮಾಡಿ. ಹೀಟರಿನ ಸುತ್ತ ಒಂದು ಮೀಟರ್ ಜಾಗದಲ್ಲಿ ಹೊಟ್ಟು, ಬಟ್ಟೆ, ಪ್ಲಾಸ್ಟಿಕ್ ಯಾವುದೂ ಇರಬಾರದು.

ಪ್ರೊಪೇನ್ ಅಗ್ಗ, ಜೋರು. ಆದರೆ ಹೊಗೆಕೊಳವೆ ಇಲ್ಲದ ಹೀಟರ್ ಶಾಖದ ಜೊತೆಗೆ ನೀರನ್ನೂ ಕೊಡುತ್ತದೆ. ಒಂದು ಪೌಂಡ್ ಪ್ರೊಪೇನ್ ಉರಿದರೆ ಸುಮಾರು 1.6 ಪೌಂಡ್ ನೀರಾವಿ. 20 ಪೌಂಡಿನ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 14.5 ಲೀಟರ್ ನೀರು ಗಾಳಿಗೆ ಸೇರಿರುತ್ತದೆ! ಅದು ಹೋಗಿ ಕೂರುವುದು ಅತಿ ತಣ್ಣಗಿರುವ ವಸ್ತುವಿನ ಮೇಲೆ, ಅಂದರೆ ಟೇಬಲ್ ಸಾ ಅನ್ನುವ ಮೇಜಿನ ಗರಗಸದ ಎರಕದ ಕಬ್ಬಿಣದ ಮೇಲೆ. ಬೆರಳಾಡಿಸಿದರೆ ಗೆರೆ ಮೂಡುವಷ್ಟು ಬೆವರು. ಒರೆಸದೆ ಬಿಟ್ಟರೆ ಮಾರನೇ ದಿನ ಕಂದು ಚುಕ್ಕೆ. ಡ್ರೈವಾಲ್ ಮಡ್ (ಹಲಗೆಗಳ ಸಂದಿಗೆ ಮೆತ್ತುವ ಲೇಪ) ಕೂಡ ಆ ತೇವದಲ್ಲಿ ಬೇಗ ಒಣಗುವುದಿಲ್ಲ. ಇದಕ್ಕಿಂತ ಮುಖ್ಯ ಕಾರ್ಬನ್ ಮಾನಾಕ್ಸೈಡ್, ಜೀವ ತೆಗೆಯುವ ಅನಿಲ. ಕಣ್ಣಿಗೆ ಕಾಣಲ್ಲ, ಮೂಗಿಗೆ ಬಡಿಯಲ್ಲ. ಕಿಟಕಿ ಸ್ವಲ್ಪ ತೆರೆದಿಡಿ, ಆ ಅನಿಲ ಪತ್ತೆ ಮಾಡುವ ಬ್ಯಾಟರಿಯ ಅಲಾರಂ ಇಡಿ, ದೊಡ್ಡ ಸಿಲಿಂಡರನ್ನು ಮನೆಯೊಳಗೆ ತರಲೇಬೇಡಿ. ಇದ್ದಿಲ ಸಿಗಡಿಯಂತೂ ಒಳಗೆ ಬೇಡ. ಮುಚ್ಚಿದ ಕೋಣೆಯಲ್ಲಿ ಸಿಗಡಿ ಇಟ್ಟು ಮಲಗಿ ಸತ್ತವರ ಬಗ್ಗೆ ಉತ್ತರ ಭಾರತದಿಂದ ಚಳಿಗಾಲದಲ್ಲಿ ಬರುವ ಸುದ್ದಿ ಎಲ್ಲರೂ ಓದಿರುತ್ತೇವೆ, ಅಲ್ವಾ?

ನನಗೆ ಹಿಡಿಸಿದ್ದು ಲಾರಿಗಳಲ್ಲಿ ಬಳಸುವಂಥ ಸಣ್ಣ ಡೀಸೆಲ್ ಹೀಟರ್. ಅದರಲ್ಲಿ ಉರಿ ಒಂದು ಮುಚ್ಚಿದ ಗೂಡಿನೊಳಗೆ. ಉರಿಯುವ ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಪೈಪಿನಲ್ಲಿ ಹೊರಗೇ ಹೋಗುತ್ತದೆ. ಕೋಣೆಗೆ ಬರುವುದು ಒಣ ಬಿಸಿಗಾಳಿ ಮಾತ್ರ. ಎಷ್ಟು ಜೋರಾಗಿ ಇಡುತ್ತೀರಿ ಅನ್ನುವುದರ ಮೇಲೆ ಗಂಟೆಗೆ 0.1ರಿಂದ 0.5 ಲೀಟರ್ ಡೀಸೆಲ್ ಸಾಕು. ಡಬ್ಬದ ಮೇಲಿನ ಕಿಲೋವಾಟ್ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ.

ಇದು 12 ವೋಲ್ಟಿನದು. ಶುರುವಾಗುವಾಗ ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್ 10 ಆಂಪ್ ಆಸುಪಾಸು ಎಳೆಯುವುದರಿಂದ ಪುಟ್ಟ ಅಡಾಪ್ಟರ್ ಸಾಲದು, ಕಾರಿನ ಬ್ಯಾಟರಿ ಮತ್ತು ಚಾರ್ಜರ್ ಇಡಿ. ಹೊಗೆ ಪೈಪು ಸುಡುತ್ತದೆ. ಮರದ ಗೋಡೆ ದಾಟುವ ಕಡೆ ಲೋಹದ ತೋಳು ಬೇಕು, ತುದಿ ಸ್ವಲ್ಪ ಕೆಳಕ್ಕೆ ಬಾಗಿರಬೇಕು. ಹೊಗೆ ಬಿಡುವ ಬಾಯಿ ಗಾಳಿ ಎಳೆಯುವ ಬಾಯಿಯಿಂದ ದೂರ ಇರಲಿ. ಆಫ್ ಮಾಡಲು ಬಟನ್ ಒತ್ತಿ, ತಣ್ಣಗಾಗಿ ಫ್ಯಾನ್ ತಾನೇ ನಿಲ್ಲುವವರೆಗೆ ವೈರ್ ಕೀಳಬೇಡಿ. ಕಾರು, ಪೆಟ್ರೋಲ್ ಕ್ಯಾನ್ ಇರುವ ಗ್ಯಾರೇಜಾದರೆ ಕಿಡಿ ಹೊತ್ತುವ ಯಾವುದೇ ಸಾಧನ ನೆಲದಿಂದ 18 ಇಂಚು ಮೇಲಿರಬೇಕು. ಪೆಟ್ರೋಲ್ ಆವಿ ಭಾರ, ನೆಲದಲ್ಲೇ ಹರಿಯುತ್ತದೆ. ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ದರೆ ವಿಮೆಯವರನ್ನು ಮೊದಲೇ ಕೇಳಿಬಿಡಿ.

ಇನ್ನು ಅಂಟು. ಬಿಳಿ, ಹಳದಿ ಮರದ ಅಂಟುಗಳಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕಿಂತ ತಣ್ಣಗಿದ್ದರೆ ಸುಣ್ಣದ ಪುಡಿಯ ಹಾಗೆ ಬೆಳ್ಳಗಾಗಿ, ಜಾಯಿಂಟ್ ನಿಲ್ಲುವುದಿಲ್ಲ. ಗಾಳಿ ಬೆಚ್ಚಗಿದ್ದರೆ ಸಾಲದು, ಮರವೂ ಬೆಚ್ಚಗಿರಬೇಕು. ಅದಕ್ಕೆ ನಾನು ಹಲಗೆಗಳನ್ನು ಹಿಂದಿನ ರಾತ್ರಿಯೇ ಅಡುಗೆಮನೆಗೆ ತರುತ್ತೇನೆ (ಮನೆಯವರ ಗೊಣಗಾಟ ಇದ್ದದ್ದೇ). ಅಂಟು ಹಾಕಿ ಕ್ಲ್ಯಾಂಪ್ ಬಿಗಿದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಎಲೆಕ್ಟ್ರಿಕ್ ಕಂಬಳಿ ಹೊದಿಸಿ, ಕಣ್ಣಳತೆಯಲ್ಲೇ ಇಟ್ಟುಕೊಂಡು ಇನ್ನೊಂದು ಕೆಲಸ ನೋಡುತ್ತೇನೆ. 1500 ವ್ಯಾಟಿನ ಕೆಲಸವನ್ನು ಅದರ ಸಣ್ಣ ಪಾಲಿನಲ್ಲೇ ಕಂಬಳಿ ಮುಗಿಸುತ್ತದೆ.

ಡ್ರೈವಾಲ್‌ಗೆ ಈ ಉಪಾಯ ನಡೆಯಲ್ಲ. ಮಡ್ ಹಚ್ಚುವ ಎರಡು ದಿನ ಮೊದಲಿಂದ, ಪೂರ್ತಿ ಒಣಗುವವರೆಗೂ ಕೋಣೆ 10 ಡಿಗ್ರಿಗಿಂತ ಕೆಳಗಿಳಿಯಬಾರದು. ಹಗಲು ಕಾಯಿಸಿ ರಾತ್ರಿ ಆಫ್ ಮಾಡಿದರೆ ದುಡ್ಡು ದಂಡ. ಪುಡಿಗೆ ನೀರು ಕಲಸಿ ಬಳಸುವ ಸೆಟ್ಟಿಂಗ್ ಬಗೆಯ ಮಡ್ ಒಣಗುವವರೆಗೆ ಕಾಯದೆ ತಾನೇ ಗಟ್ಟಿಯಾಗುತ್ತದೆ, ಚಳಿಯಲ್ಲಿ ಅದೇ ವಾಸಿ.

ಯಾರೂ ಇಲ್ಲದ ಮನೆಯಲ್ಲಿ ಪೈಪ್ ಒಡೆಯದಿರಲಿ ಅಂತ ಸುಮ್ನೆ ಹೀಟರ್ ಹಚ್ಚಿಟ್ಟು ಹೋಗಬೇಡಿ. ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು ನೀರು ಖಾಲಿ ಮಾಡಿ. ಸಿಂಕಿನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪುಗಳಿಗೆ (ಟ್ರ್ಯಾಪ್), ಮನೆಯಂಥ ಪ್ರವಾಸಿ ವಾಹನಗಳಲ್ಲಿ (ಆರ್‌ವಿ) ಬಳಸುವ ಗುಲಾಬಿ ಬಣ್ಣದ ಆಂಟಿಫ್ರೀಜ್ ಸುರಿಯಿರಿ. ಅಂಟಿನ ಬಾಟಲಿ, ಲೇಟೆಕ್ಸ್ ಪೇಂಟ್ ಡಬ್ಬಗಳನ್ನು ಒಂದೇ ಬುಟ್ಟಿಯಲ್ಲಿಟ್ಟು ಸಂಜೆ ಬೆಚ್ಚಗಿನ ಕಡೆ ಎತ್ತಿಡಿ. ಹೆಪ್ಪುಗಟ್ಟಿ ಗಂಟಾದ ಪೇಂಟನ್ನು ಎಷ್ಟು ಕಲಕಿದರೂ ಸರಿಹೋಗುವುದಿಲ್ಲ.