ಪುಣೆಯಾಗ ಕೆಲಸದ ಜಾಗದಾಗ ಕಿರುಕುಳ ಆದ್ರ ಕಂಪ್ಲೇಂಟ್ ಹ್ಯಾಂಗ ಬರೀಬೇಕು

ಹಿಂಜವಡಿ, ಖರಾಡಿ ಕಡೆ ಹೌಸ್‌ಕೀಪಿಂಗ್ ಮಾಡೋ ನಮ್ಮ ಕಲಬುರ್ಗಿ, ವಿಜಯಪುರದ ಅಕ್ಕತಂಗೇರು ಕಂಪ್ಲೇಂಟ್ ಬರೆಸಾಕ ಬಂದಾಗ ಒಂದು ಮಾತು ಬಿಟ್ಟೇ ಬಿಡ್ತಾರ. ಸೂಪರ್‌ವೈಸರ್ ಕೈ ಹಿಡಿದಾ ಅಂತಾರ, ಆದ್ರ ಹಿಡಿಯೋಕಿಂತ ಮೊದಲ ಜಾತಿ ತಗದು ಏನಂದ ಅನ್ನೋದು ಹೇಳಂಗಿಲ್ಲ, ದಿನಾ ಕೇಳಿ ಕೇಳಿ ರೂಢಿ ಆಗಿರ್ತದಲ್ಲ. ಅದನ್ನೂ ಬರೀರಿ, ಅಂವಾ ಅಂದ ಮಾತನ್ನ ಅಂದಂಗೇ ಬರೀರಿ, ಸೊಗಸು ಮಾಡಾಕ ಹೋಗಬ್ಯಾಡ್ರಿ.

ತಾರೀಖು ನೆನಪಿಲ್ಲಂದ್ರ ಪಗಾರ ಆದ ಮರುದಿನ, ಗಣಪತಿ ಕಳಿಸಿದ ದಿನ ಅಂತ ಬರದ್ರೂ ನಡೀತದ, ಆಮ್ಯಾಲ ಲೆಕ್ಕ ಹಾಕಬಹುದು. ಕೊನೇ ಘಟನೆ ಆಗಿ 3 ತಿಂಗಳೊಳಗ ಕಿರುಕುಳದ ದೂರು ಕೇಳೋ ಕಮಿಟಿಗೆ ಕೊಡಬೇಕು, ತಡಾ ಆಗಿದ್ರ ಕಾರಣ ಬರೀರಿ, ಕಮಿಟಿ ಇನ್ನೂ 3 ತಿಂಗಳ ತನಕ ಕೊಡಬಹುದು. ಬರ್ಯಾಕ ಬರಂಗಿಲ್ಲಂದ್ರ ಬರಕೊಳ್ಳಾಕ ಸಹಾಯ ಮಾಡೋದು ಕಮಿಟಿಯವರ ಕೆಲಸ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆನ ಹಂಗ ಹೇಳ್ತದ.

10 ಮಂದಿ ಇಲ್ಲಾ ಅದಕ್ಕಿಂತ ಹೆಚ್ಚು ಇದ್ದ ಕಡೆ ಒಳಗಿನ ಕಮಿಟಿ ಇರಬೇಕು. ನೀವು ಠೇಕೇದಾರನ ಕಡೆಯವರು, ನಮ್ಮವರಲ್ಲ ಅಂತ ಕಂಪನಿಯವರು ವಾಪಸ್ ಕಳಿಸಿದ್ರ ಬರಬ್ಯಾಡ್ರಿ, ಠೇಕಾ ಕೆಲಸದವರೂ ಆ ಕಾಯ್ದೆಯಾಗ ಬರ್ತಾರ. ಮನಿಗೆಲಸದವರಿಗೆ ಜಿಲ್ಲೆಯ ಲೋಕಲ್ ಕಮಿಟಿ, ಕಲೆಕ್ಟರ್ ಆಫೀಸಿನಾಗ ವಿಚಾರಿಸ್ರಿ.

ಜಾತಿ ಮಾತು ಬಂದಿದ್ರ, ನೀವು ಎಸ್‌ಸಿ ಇಲ್ಲಾ ಎಸ್‌ಟಿ ಆಗಿದ್ದು ಅಂವಾ ಅಲ್ಲಂದ್ರ, ಪೊಲೀಸ್ ಸ್ಟೇಷನ್ನಿನಾಗ 1989ರ ಅಟ್ರಾಸಿಟಿ ಕಾಯ್ದೆನೂ ಹಾಕಸ್ರಿ. ನಿಮ್ಮ ಸರ್ಟಿಫಿಕೇಟ್ ಕರ್ನಾಟಕದ್ದು, ಇಲ್ಲಿ ನಡ್ಯಂಗಿಲ್ಲ ಅಂತ ಹೆದರಸ್ತಾರ. ಬೇರೆ ರಾಜ್ಯದಿಂದ ಬಂದವರಿಗೂ ಈ ಕಾಯ್ದೆ ಲಾಗೂ ಅಂತ ಬಾಂಬೆ ಹೈಕೋರ್ಟಿನ ಫುಲ್ ಬೆಂಚ್ 2023ರಾಗನ ಹೇಳ್ಯದ.

ಕಿರುಕುಳ, ಜಾತಿ ಎರಡೂ ಯಾಕ ಕೂಡ್ಸಬೇಕು ಅಂದ್ರ ಅಮೆರಿಕದ ಕಪ್ಪು ಹೆಣ್ಮಕ್ಕಳ ಕಥಿ ಕೇಳ್ರಿ. ಜನರಲ್ ಮೋಟರ್ಸ್ ಅನ್ನೋ ಕಾರ್ ಕಂಪನಿ ಮ್ಯಾಲ ಭೇದಭಾವದ ಕೇಸ್ ಹಾಕಿದ ಐದು ಮಂದಿಗೆ 1976ರಾಗ ಕೋರ್ಟು ಹೆಂಗಸು ಅಂತ ಕೇಳ್ರಿ ಇಲ್ಲಾ ಬಣ್ಣ ಅಂತ ಕೇಳ್ರಿ, ಎರಡೂ ಕೂಡ್ಸಿ ಕೇಳಬ್ಯಾಡ್ರಿ ಅಂದುಬಿಡ್ತು. ಕಿಂಬರ್ಲಿ ಕ್ರೆನ್‌ಶಾ ಅನ್ನೋ ಕಪ್ಪು ಕಾನೂನು ಪಂಡಿತೆ 1989ರಾಗ ಅದೇ ತಪ್ಪನ್ನ ಎತ್ತಿ ತೋರಸಿದ್ರು. ಕೆಲಸದ ಜಾಗದ ಲೈಂಗಿಕ ಕಿರುಕುಳ ಭೇದಭಾವನ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1986ರಾಗ ಒಪ್ಪಿದ ಕೇಸೂ ಮಿಶೆಲ್ ವಿನ್ಸನ್ ಅನ್ನೋ ಕಪ್ಪು ಬ್ಯಾಂಕ್ ನೌಕರಳದು.

ವಕೀಲರ ರೊಕ್ಕದ ಚಿಂತಿ ಬ್ಯಾಡ, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸರ್ಕಾರ ಕೊಡೋ ವಕೀಲ ಫ್ರೀ. 15100ಕ್ಕ ಫೋನ್ ಹಚ್ರಿ, ಇಲ್ಲಾ ಶಿವಾಜಿನಗರ ಕೋರ್ಟಿನಾಗ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋಗ್ರಿ. ರೊಕ್ಕ ಕೊಟ್ಟು ಮುಗಸೋಣು ಅಂತ ಕಮಿಟಿನ ಅಂದ್ರ ಅದು ಕಾಯ್ದೆಗೆ ವಿರುದ್ಧ, ರೊಕ್ಕದ ಮ್ಯಾಲ ರಾಜಿ ಮಾಡಸೋ ಹಂಗಿಲ್ಲ.

ಕಮಿಟಿಗೆ ಕಂಪ್ಲೇಂಟಿನ 6 ಪ್ರತಿ ಕೊಡಬೇಕು, ಏಳನೇದು ನಿಮ್ಮದು, ಅದರ ಮ್ಯಾಲ ಸಿಕ್ಕಾ ಹೊಡಿಸಿ ಪೋಚ್, ಅಂದ್ರ ಮುಟ್ಟಿದ್ದಕ್ಕ ರಸೀದಿ, ತಗೊಳ್ದ ಬಾಗಿಲು ದಾಟಬ್ಯಾಡ್ರಿ. ನನ್ನ ಕಡೆ ಬಂದ ಒಬ್ಬಾಕಿ ತಗೊಂಡಿರಲಿಲ್ಲ, ತಿಂಗಳಾದ ಮ್ಯಾಲ ಕಂಪ್ಲೇಂಟ ಬಂದಿಲ್ಲ ಅಂದ್ರು, ಮತ್ತ ಮೊದಲಿಂದ ಬರದ್ವಿ.