ನಮ್ಮ ಬೂತ್ ಲೆಕ್ಕ ಕೊನೆಗೂ ಕೂಡಿ ಬಂತು

2024ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಬೂತ್‌ನಲ್ಲಿ 790 ಮತ ಬೀಳುತ್ತೆ ಅಂತ ನಾನು ಹೇಳಿದ್ದೆ. ಬಿದ್ದಿದ್ದು 802. ಏಜೆಂಟ್ ಆಗಿ ಕೂತಿದ್ದ ಗೆಳೆಯನ 17ಸಿ ಫಾರ್ಮ್ (ಬೂತ್‌ನಲ್ಲಿ ಬಿದ್ದ ಮತದ ಲೆಕ್ಕ ಬರೆದ ಹಾಳೆ) ನಾನೇ ಕಣ್ಣಾರೆ ನೋಡಿದ್ದೇನೆ. ಟೀ ಅಂಗಡಿಯಲ್ಲಿ ನಕ್ಕವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗದ ಅಂಚಿನ ಲೇಔಟ್. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ತೀರ್ಥಹಳ್ಳಿ ಹೊಸನಗರ ಕಡೆ ತೋಟ ಇಟ್ಟುಕೊಂಡು ಮಕ್ಕಳ ಓದಿಗೆ ಅಂತ ಇಲ್ಲಿ ಮನೆ ಕಟ್ಟಿದವರು. ಪಟ್ಟಿಯಲ್ಲಿ 1,180ರ ಹತ್ತಿರ ಹೆಸರಿತ್ತು. ಎರಡೂ ಪಕ್ಷದ ಹುಡುಗರು ಎಂಬತ್ತು ಪರ್ಸೆಂಟ್ ದಾಟುತ್ತೆ ಅಂತಿದ್ದರು.

2023ರ ಮೇ 10ರ ವಿಧಾನಸಭೆ ಚುನಾವಣೆಗೆ ಮುಂಚೆ ನಾನೂ ಹಾಗೇ ಮೂರ್ಖನಾಗಿದ್ದೆ. ಯಾರಿಗೆ ಓಟು ಅಂತ ಕೇಳುವ ಫಾರ್ಮ್ ಪ್ರಿಂಟ್ ಹಾಕಿಸಿ, ಇಬ್ಬರು ಕಾಲೇಜು ಹುಡುಗರನ್ನು ದಿನಕ್ಕೆ 400 ರೂಪಾಯಿಗೆ ಇಟ್ಟುಕೊಂಡು ಮನೆ ಮನೆಗೆ ಕಳಿಸಿದೆ. ಮೂರನೇ ದಿನ ಹೋಗಿ ನೋಡಿದರೆ ಮಹಾಶಯರು ಬಜ್ಜಿ ಅಂಗಡಿಯಲ್ಲಿ ಕೂತು ತಾವೇ ಟಿಕ್ ಹಾಕುತ್ತಿದ್ದಾರೆ! ಜೆರಾಕ್ಸ್, ಪೆಟ್ರೋಲ್, ಸಂಬಳ ಎಲ್ಲಾ ಸೇರಿ ಆರು ಸಾವಿರ ಚಿಲ್ಲರೆ ನೀರಿಗೆ ಬಿತ್ತು. ಆಮೇಲೆ ನಾನೇ ಹೋದೆ. ಕಾಫಿ ಕೊಟ್ಟರು, ಉತ್ತರ ಕೊಡಲಿಲ್ಲ. ಕೊನೇ ಕ್ರಾಸಿನ ಅಜ್ಜಿಯೊಬ್ಬರು, 'ಯಾರಿಗೆ ಹಾಕಿದ್ರೂ ಈ ಚರಂಡಿ ಹಿಂಗೇ ಇರುತ್ತೆ ಮಾರಾಯ, ನೀ ಬಿಸಿಲಲ್ಲಿ ಯಾಕೆ ಅಲೀತಿ' ಅಂದರು. ಹೆಸರು ನೋಡಿ ಜಾತಿ ಊಹಿಸಿ, ಜಾತಿ ನೋಡಿ ಪಕ್ಷ ಬರೆಯುವ ಹಳೇ ಚಾಳಿಯನ್ನೂ ಮಾಡಿದೆ. ಒಂದೇ ಮನೆಯಲ್ಲಿ ಅಪ್ಪ ಒಂದು ಕಡೆ, ಸೊಸೆ ಇನ್ನೊಂದು ಕಡೆ ಇರುವಾಗ ಆ ಲೆಕ್ಕಕ್ಕೆ ಏನು ಬೆಲೆ? ಆ ಸಲ ನೂರಾ ಹತ್ತು ಮತ ತಪ್ಪಿದ್ದೆ.

ಮುಂದಿನ ವರ್ಷ ಪಕ್ಷದ ಮಾತನ್ನೇ ಬಿಟ್ಟೆ. 'ಮನೇಲಿ ಯಾರ್ಯಾರು ಇದೀರಿ?' ಅಷ್ಟೇ. ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಅಧಿಕಾರಿ ಬಿಎಲ್‌ಒ ಕೈಲಿ ಎಎಸ್‌ಡಿ ಪಟ್ಟಿ, ಅಂದರೆ ಊರಲ್ಲಿಲ್ಲದವರು, ಮನೆ ಬದಲಿಸಿದವರು, ತೀರಿಕೊಂಡವರ ಪಟ್ಟಿ ಇರುತ್ತೆ, ಆದರೆ ಅದರಲ್ಲಿ ಸೇರದೆ ಉಳಿದವರೇ ಜಾಸ್ತಿ. ತೀರಿಕೊಂಡವರು ನಲವತ್ತರ ಆಸುಪಾಸು, ಮನೆ ಮಾರಿ ಹೋದವರು ನೂರರ ಮೇಲೆ, ಬೆಂಗಳೂರು ಅಮೆರಿಕ ಸೇರಿದ ಮಕ್ಕಳು ನೂರಾ ಮೂವತ್ತು. ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು, ನಮ್ಮದು ಮೇ 7 ಮಂಗಳವಾರ. ವಾರದ ನಡುವೆ ರಾತ್ರಿ ಬಸ್ ಹತ್ತಿ ಬರುವ ಮಕ್ಕಳು ಎಷ್ಟು ಜನ, ಹೇಳಿ?

ಇನ್ನೊಂದು ಗುಂಪು ನಮ್ಮ ಮಲೆನಾಡಿನದೇ. ಮನೆ ಇಲ್ಲಿ, ಮನಸ್ಸು ತೋಟದಲ್ಲಿ. ಪಂಚಾಯ್ತಿ ಚುನಾವಣೆಗೆ ಬೇಕು ಅಂತ ಊರಿನ ಹೆಸರು ತೆಗೆಸಿರುವುದಿಲ್ಲ, ಇಲ್ಲೂ ಹೆಸರು ಸೇರಿಸುವ ಫಾರ್ಮ್ 6 ಕೊಟ್ಟಿರುತ್ತಾರೆ. ಎರಡು ಕಡೆ ಹೆಸರು ಇರಬಾರದು ಅಂತ ಗೊತ್ತಿದ್ದೂ ಸುಮ್ನೆ ಇರುತ್ತಾರೆ. ಅಂಥವರು ಆ ದಿನ ಊರಿಗೇ ಹೋಗುತ್ತಾರೆ, ಯಾಕೆಂದರೆ ಅಲ್ಲಿ ಹೋಗದಿದ್ದರೆ ಊರವರು ಕೇಳುತ್ತಾರೆ, ಇಲ್ಲಿ ಯಾರೂ ಕೇಳಲ್ಲ. ಇಷ್ಟು ಕಳೆದ ಮೇಲೆ ಉಳಿದವರು ಸುಮಾರು 840. ಅದರಲ್ಲಿ ಯಾವಾಗಲೂ ಬಾರದ ಐವತ್ತು ಜನ ಬೇರೆ. ಜಿಲ್ಲೆಯಲ್ಲಿ 78ರ ಹತ್ತಿರ ಬಂದಾಗ ನಮ್ಮದು 68 ಯಾಕೆ ಅಂತ 'ಪೇಟೆಯವರಿಗೆ ಸೋಮಾರಿತನ' ಅಂದವರಿಗೆ ಇದನ್ನೆಲ್ಲ ಬರೆದಿಟ್ಟ ನನ್ನ ನೋಟ್‌ಬುಕ್ ತೋರಿಸಿದೆ. ಊರಲ್ಲಿ ಇದ್ದವರಲ್ಲಿ ನೂರಕ್ಕೆ ತೊಂಬತ್ತೈದು ಜನ ಬಂದಿದ್ದಾರೆ ಸ್ವಾಮಿ, ಪಟ್ಟಿ ಸೋಮಾರಿ.

ಮನೆ ಖಾಲಿಯೋ ಇಲ್ಲವೋ ಅಂತ ಹೇಳಿದ್ದು ಪೇಪರ್ ಹಾಕುವ ಹುಡುಗ. ಬೆಳಗ್ಗೆ ಐದೂವರೆಗೆ ಅವನ ಸೈಕಲ್ ಹಿಂದೆ ಹೋಗಿ, ಪೇಪರ್ ನಿಲ್ಲಿಸಿದ ಮನೆಗೆಲ್ಲ ನೋಟ್‌ಬುಕ್‌ನಲ್ಲಿ ಕೆಂಪು ಚುಕ್ಕಿ ಇಟ್ಟೆ. ಗೇಟಿನ ಬೀಗದ ಮೇಲೆ ಧೂಳು ಕೂತಿದ್ದರೆ ಎರಡು ಚುಕ್ಕಿ. ಅವನಿಗೆ ಕೊಟ್ಟಿದ್ದು ನೂರು ರೂಪಾಯಿ, ಒಂದು ಮಸಾಲೆ ದೋಸೆ.

ನಡುವೆ ಇನ್ನೊಂದು ಹುಚ್ಚು. ಮೇ 7ರ ಸಂಜೆ ಹಾಲಿನ ಬೂತ್ ಹತ್ತಿರ ನಿಂತು ಎಡಗೈ ತೋರುಬೆರಳಿನ ಶಾಯಿ ಎಣಿಸಿದೆ. ಅರವತ್ತು ಬೆರಳಿನಲ್ಲಿ ಐವತ್ತೆಂಟಕ್ಕೆ ಶಾಯಿ! ಮನೆಗೆ ಬಂದು ಖುಷಿಯಾಗಿ ಹೇಳಿದರೆ ಹೆಂಡತಿ, 'ಊರಲ್ಲಿ ಇಲ್ಲದವರು ಹಾಲಿಗೆ ಬರ್ತಾರೇನ್ರೀ' ಅಂದಳು. ಹೌದಲ್ವಾ.

ಯಾವ ಪಕ್ಷಕ್ಕೆ ಎಷ್ಟು ಅನ್ನುವ ಒಲವಿನ ಲೆಕ್ಕ ಬೇರೆ. ಹಳೇ ಚುನಾವಣೆಯ ಫಲಿತಾಂಶದ ಹಾಳೆ ಫಾರ್ಮ್ 20ರಲ್ಲಿ ಬೂತ್‌ವಾರು ಅಂಕಿ ಇದೆ, ಅದನ್ನೇ ಬುನಾದಿ ಮಾಡಿಕೊಳ್ಳಿ. ಎಲ್ಲರನ್ನೂ ಕೇಳಬೇಕಿಲ್ಲ, ಹೋದ ಸಲದಿಂದ ಯಾರು ಬದಲಾದರು ಅನ್ನುವುದನ್ನು ಮಾತ್ರ ಹುಡುಕಿ. ಅದಕ್ಕೆ ನಾನು ಕೇಳುವ ಎರಡು ಪ್ರಶ್ನೆ ಇವೆ, ಅವು ನನ್ನಲ್ಲೇ ಇರಲಿ, ಮುಂದಿನ ಚುನಾವಣೆಗೆ ಬೇಕು. ಯಾವ ಮನೆ ಯಾವ ಕಡೆ ಅಂತ ಹೆಸರು ಹಿಡಿದು ಬರೆದಿಲ್ಲ, ಕ್ರಾಸಿಗೆ ಒಂದು ಮೊತ್ತ ಅಷ್ಟೇ.

ಇದರಲ್ಲಿ ಪೆಟ್ಟೂ ತಿಂದೆ. ಬಿಜೆಪಿಯಿಂದ ಬಂಡಾಯ ಎದ್ದ ಈಶ್ವರಪ್ಪ ಪಕ್ಷೇತರ ನಿಂತಾಗ ನಮ್ಮ ಲೇಔಟ್ ತುಂಬಾ ಅದೇ ಮಾತು. ನೂರರ ಮೇಲೆ ಬರೆದುಕೊಂಡಿದ್ದೆ, ಬಂದಿದ್ದು ಅದರ ಅರ್ಧಕ್ಕೂ ಕಡಿಮೆ. ಇಡೀ ಕ್ಷೇತ್ರದಲ್ಲೇ ಅವರಿಗೆ ಬಂದಿದ್ದು 30 ಸಾವಿರ ಚಿಲ್ಲರೆ, ಗೆದ್ದ ಬಿಜೆಪಿಯ ರಾಘವೇಂದ್ರ ಅವರ ಅಂತರವೇ 2.43 ಲಕ್ಷ. ಬಾಯಲ್ಲಿ ಬಂದಿದ್ದೆಲ್ಲ ಬಟನ್‌ಗೆ ಇಳಿಯಲ್ಲ. ಉಳಿದ ಎರಡು ಪಕ್ಷದ ಅಂಕಿಯಲ್ಲಿ ತಪ್ಪಿದ್ದು ಇಪ್ಪತ್ತು ಮೂವತ್ತು ಮತದ ಒಳಗೇ.

ಈ ಸಲದ ಒಟ್ಟು ಖರ್ಚು 700 ರೂಪಾಯಿ ಇರಬಹುದು. ಮೊನ್ನೆ ಒಬ್ಬರು ಪಕ್ಷದವರು ನೋಟ್‌ಬುಕ್ ಕೊಡಿ, ಐದು ಸಾವಿರ ಕೊಡ್ತೇವೆ ಅಂದರು. ಕೊಡಲಿಲ್ಲ. ಅವರ ಲೆಕ್ಕದಲ್ಲೇ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆ.